ದೇಶವ್ರತವೂ ದಾರಿಯ ನೆರವೂ

ಐದು ಅಣುವ್ರತ, ಮೂರು ಗುಣವ್ರತ, ನಾಲ್ಕು ಶಿಕ್ಷಾವ್ರತ, ಹೀಗೆ ಶ್ರಾವಕನ ವ್ರತಗಳು ಹನ್ನೆರಡೆಂಬುದು ನಮ್ಮ ಮನೆಗಳ ಮಕ್ಕಳಿಗೂ ತಿಳಿದ ವಿಷಯ. ಇವುಗಳಲ್ಲಿ ದೇಶವ್ರತವು ನೋಡುವುದಕ್ಕೆ ಬಹು ಸುಲಭವಾದುದು. ದಿಗ್ವ್ರತದಲ್ಲಿ ಜೀವಾವಧಿಗೆಂದು ಹತ್ತು ದಿಕ್ಕುಗಳಿಗೆ ಎಲ್ಲೆ ಹಾಕಿಕೊಂಡವನು, ಆ ಎಲ್ಲೆಯೊಳಗೇ ಇನ್ನೂ ಚಿಕ್ಕದಾದ ಎಲ್ಲೆಯನ್ನು ಒಂದು ದಿನಕ್ಕೋ, ಒಂದು ಪಕ್ಷಕ್ಕೋ, ಒಂದು ಚಾತುರ್ಮಾಸಕ್ಕೋ ಹಾಕಿಕೊಳ್ಳುವುದು ದೇಶವ್ರತ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಇದನ್ನು ದಿಗ್ವ್ರತ ಮತ್ತು ಅನರ್ಥದಂಡವ್ರತಗಳ ನಡುವೆ ಇಟ್ಟಿದ್ದಾರೆ. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ದೇಶಾವಕಾಶಿಕವೆಂಬ ಹೆಸರಿನಿಂದ ಶಿಕ್ಷಾವ್ರತಗಳಲ್ಲಿ ಎಣಿಸಿದ್ದಾರೆ. ಮನೆ, ಬೀದಿ, ಊರು, ಹೊಲ, ನದಿ, ಕಾಡು ಯಾವುದನ್ನಾದರೂ ಎಲ್ಲೆಯೆಂದು ಹೇಳಿಕೊಳ್ಳಬಹುದು. ಎಲ್ಲೆಯಾಚೆಯ ಜೀವಿಗಳಿಗೆ ತನ್ನ ನಿಮಿತ್ತದಿಂದ ಸ್ಥೂಲವಾದ ಹಿಂಸೆಯೂ ಸೂಕ್ಷ್ಮವಾದ ಹಿಂಸೆಯೂ ನಡೆಯದಿರುವುದರಿಂದ, ಆ ಕ್ಷೇತ್ರದ ಮಟ್ಟಿಗೆ ಅಣುವ್ರತಿಯೂ ಮಹಾವ್ರತಿಯಂತೆ ಆಗುತ್ತಾನೆಂಬುದು ಆಚಾರ್ಯರ ಅಭಿಪ್ರಾಯ.

ಮನೆ, ಬಸದಿ, ವಾಚನಾಲಯ ಇವಿಷ್ಟನ್ನು ಬಿಟ್ಟು ಎಲ್ಲಿಗೂ ಹೋಗದ ನನ್ನಂಥ ನಿವೃತ್ತ ಉಪಾಧ್ಯಾಯನಿಗೆ ಈ ವ್ರತದಲ್ಲಿ ಕಷ್ಟವೇನಿದೆ ಎಂದು ನಾನು ಬಹುಕಾಲ ತಿಳಿದಿದ್ದೆನು. ಕಾಲು ಆಚೆಗೆ ಇಡದಿದ್ದರೆ ಆಯಿತು, ವ್ರತ ನಡೆಯಿತು ಎಂದೇ ನನ್ನ ಎಣಿಕೆ. ಕಳೆದ ವರ್ಷದ ಪುಷ್ಯ ಶುಕ್ಲ ಚತುರ್ದಶಿಯ ಮಧ್ಯಾಹ್ನ, ಶಿರಸಿ ಸಿದ್ದಾಪುರಗಳ ನಡುವಿನ ಕಾಡುದಾರಿಯಲ್ಲಿ ಆ ಎಣಿಕೆ ಸುಳ್ಳಾಯಿತು. ನಡೆದುದನ್ನು ಇದ್ದಂತೆಯೇ ನಿವೇದಿಸಿ, ಅದರಿಂದ ಏಳುವ ಪ್ರಶ್ನೆಯನ್ನು ವಾಚಕರ ಮುಂದೆ ಇಡುವುದಷ್ಟೇ ಈ ಲೇಖನದ ಉದ್ದೇಶ.

ನಾವು ಹುಬ್ಬಳ್ಳಿಯವರು. ಮಗನು ಹೊಸ ಕಾರನ್ನು ನನ್ನ ಹೆಸರಿನಲ್ಲಿಯೇ ಕೊಂಡಿದ್ದನು. ಅದರಲ್ಲಿ ನಾನು, ನನ್ನ ಮನೆಯವರು, ಮಗ, ಸೊಸೆ ಮತ್ತು ಏಳು ವರ್ಷದ ಮೊಮ್ಮಗಳು ಐವರೂ ಹೊರಟು, ತ್ರಯೋದಶಿಯ ರಾತ್ರಿ ಯಲ್ಲಾಪುರದ ಬಂಧುಗಳ ಮನೆಯಲ್ಲಿ ತಂಗಿದೆವು. ಮರುದಿನ ಸೋಂದೆಯಲ್ಲಿ ಸ್ವಾದಿ ಜೈನಮಠದ ದರ್ಶನ, ಅಲ್ಲಿಂದ ಶಿರಸಿಯ ಮೇಲೆ ಹಾಯ್ದು ಸಿದ್ದಾಪುರದಲ್ಲಿ ತಂಗಿಯ ಮನೆಯ ಊಟ, ಸಂಜೆ ಬಿಳಗಿಯ ರತ್ನತ್ರಯ ಬಸದಿಯ ದರ್ಶನ ಎಂದು ಯೋಜನೆ. ನನ್ನ ಮನೆಯವರಿಗೆ ಅಷ್ಟಮಿ ಚತುರ್ದಶಿಗಳಲ್ಲಿ ಏಕಾಶನ. ದಿನಕ್ಕೆ ಒಂದೇ ಹೊತ್ತು, ಒಂದೇ ಆಸನದಲ್ಲಿ ಆಹಾರ. ಆ ದಿನದ ಆ ಒಂದು ಊಟ ಸಿದ್ದಾಪುರದಲ್ಲಿ ಎಂದು ನಿಶ್ಚಯವಾಗಿತ್ತು. ನಾನು ಬೆಳಿಗ್ಗೆ ಸಾಮಾಯಿಕವನ್ನು ಮುಗಿಸಿ ದೇಶವ್ರತವನ್ನು ಸಂಕಲ್ಪಿಸಿದೆನು: ನಾಳೆಯ ಸೂರ್ಯೋದಯದವರೆಗೆ ಇತ್ತ ಯಲ್ಲಾಪುರ, ಅತ್ತ ಬಿಳಗಿ, ಇವೆರಡರ ನಡುವಿನ ದಾರಿ ಮತ್ತು ದಾರಿಯ ಮಗ್ಗುಲಿನ ಊರುಗಳು, ಇಷ್ಟೇ ನನ್ನ ಕ್ಷೇತ್ರ.

ಹೊರಡುವಾಗ ಕಾರಿನ ನೀರು, ಎಣ್ಣೆ ನೋಡಿದೆಯಾ ಎಂದು ಮಗನನ್ನು ಕೇಳಿದೆನು. ನನ್ನ ಪ್ರಾಯಕಾಲದಲ್ಲಿ ಅಂಬಾಸಿಡರ್ ಕಾರಿನಲ್ಲಿ ಘಟ್ಟ ಇಳಿಯುವವರು ಬಾನೆಟ್ ಎತ್ತಿ ನೋಡದೆ ಹೊರಡುತ್ತಿರಲಿಲ್ಲ. ಒಂದು ಡಬ್ಬಿ ನೀರು, ಒಂದು ಬೆಲ್ಟು ಜೊತೆಯಲ್ಲಿರುತ್ತಿದ್ದವು. ಮಗನು ನಕ್ಕು, "ಅಪ್ಪಾ, ಈಗ ಅದೆಲ್ಲ ಬೇಕಾಗಿಲ್ಲ. ಏನೇ ಆದರೂ ಒಂದು ಫೋನು ಮಾಡಿದರೆ ಕಂಪನಿಯವರು ಇದ್ದಲ್ಲಿಗೆ ಬರುತ್ತಾರೆ. ಇಪ್ಪತ್ತನಾಲ್ಕು ಗಂಟೆಯೂ ಅವರು ನಮ್ಮ ಬೆನ್ನಿಗಿದ್ದಾರೆ" ಎಂದನು. ಕಾರಿನ ಗಾಜಿಗೆ ಅಂಟಿಸಿದ್ದ ಚೀಟಿಯನ್ನೂ ಅದರ ಮೇಲಿನ ಸಂಖ್ಯೆಯನ್ನೂ ತೋರಿಸಿದನು. ನಾನೂ ಸುಮ್ಮನಾದೆನು. ಸುಮ್ಮನಾದುದರಲ್ಲಿ ಸಮ್ಮತಿ ಇತ್ತೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಈ ದಾರಿನೆರವಿನ ವ್ಯವಸ್ಥೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಅದರ ಮೂಲ ಒಳ್ಳೆಯದು. ಅಮೆರಿಕದಲ್ಲಿ 1902ರಲ್ಲಿಯೂ ಇಂಗ್ಲೆಂಡಿನಲ್ಲಿ 1905ರಲ್ಲಿಯೂ ಮೋಟಾರು ಉಳ್ಳವರು ತಮ್ಮತಮ್ಮೊಳಗೆ ಸಂಘ ಕಟ್ಟಿಕೊಂಡರು. ಇಂಗ್ಲೆಂಡಿನ ಸಂಘದವರು ಆರಂಭದಲ್ಲಿ ಸೈಕಲ್ ಸವಾರರನ್ನು ದಾರಿಯ ಮೇಲೆ ನಿಲ್ಲಿಸಿದ್ದುದು, ವೇಗವನ್ನು ಅಳೆಯಲು ಪೊಲೀಸರು ಹೊಂಚು ಹಾಕಿದ ಸ್ಥಳಗಳನ್ನು ಸದಸ್ಯರಿಗೆ ಸೂಚಿಸುವುದಕ್ಕಾಗಿ ಎಂಬುದು ನಗೆ ತರುವ ಸಂಗತಿ; ಕೆಟ್ಟು ನಿಂತ ಗಾಡಿಗೆ ಕೈಕೊಡುವ ಕೆಲಸ ಆಮೇಲೆ ಬೆಳೆಯಿತು. ನಮ್ಮ ಮುಂಬಯಿಯಲ್ಲಿಯೂ 1919ರಲ್ಲಿ ಇಂಥ ಸಂಘವೊಂದು ಹುಟ್ಟಿತು. ಈಗ ಆ ಕೆಲಸವನ್ನು ಕಾರು ತಯಾರಿಸುವವರೇ ವಹಿಸಿಕೊಂಡು, ಮೊದಲ ಕೆಲವು ವರ್ಷ ಕಾರಿನ ಜೊತೆಗೂ ಆಮೇಲೆ ವರ್ಷವರ್ಷ ಹಣ ತೆತ್ತವರಿಗೂ ಒದಗಿಸುತ್ತಾರೆ. ಬ್ಯಾಟರಿ ಸತ್ತರೆ ಚೇತರಿಸುವುದು, ಪಂಕ್ಚರ್ ಆದ ಚಕ್ರ ಬದಲಿಸುವುದು, ಕೀಲಿಕೈ ಒಳಗೆ ಉಳಿದರೆ ಬಾಗಿಲು ತೆಗೆಯುವುದು, ಯಾವುದೂ ಆಗದಿದ್ದರೆ ಗಾಡಿಯನ್ನು ಹೇರಿಕೊಂಡು ಕಾರ್ಖಾನೆಗೆ ಒಯ್ಯುವುದು, ಇವು ಅದರ ಕಾರ್ಯಗಳು. ಪರಸ್ಪರ ಉಪಕಾರವೇ ಜೀವಗಳ ಕಾರ್ಯವೆಂದು ತತ್ತ್ವಾರ್ಥಸೂತ್ರದ 5ನೆಯ ಅಧ್ಯಾಯವು ಸಾರುವಾಗ, ಇಂಥ ನೆರವನ್ನು ಪಡೆಯುವುದೇ ದೋಷವೆಂದು ಯಾರು ಹೇಳಿಯಾರು?

ಸೋಂದೆಯ ದರ್ಶನ ಸುಖವಾಗಿ ಆಯಿತು. ತತ್ತ್ವಾರ್ಥಸೂತ್ರಕ್ಕೆ ರಾಜವಾರ್ತಿಕವನ್ನು ರಚಿಸಿದ ಅಕಲಂಕದೇವರ ಹೆಸರು ಆ ಪೀಠದ ಭಟ್ಟಾರಕರಲ್ಲಿ ಇಂದಿಗೂ ಉಳಿದುಬಂದಿದೆ. ಅಲ್ಲಿಂದ ಹೊರಟ ಸ್ವಲ್ಪ ಹೊತ್ತಿಗೆ ಕಾರಿನ ಮುಂದಿನ ಫಲಕದಲ್ಲಿ ಕೆಂಪು ದೀಪವೊಂದು ಹತ್ತಿತು. ಮಗನು ನೋಡಿದನು, ನಾನೂ ನೋಡಿದೆನು. ಸಿದ್ದಾಪುರ ಮುಟ್ಟಿ ನೋಡೋಣ ಎಂದುಕೊಂಡೆವು. ಶಿರಸಿ ದಾಟಿ ಹದಿನೈದು ಕಿಲೋಮೀಟರು ಹೋಗುವಷ್ಟರಲ್ಲಿ ಮುಂಭಾಗದಿಂದ ಹಬೆ ಎದ್ದು, ಗಾಡಿ ನಿಂತೇ ಹೋಯಿತು. ಗಂಟೆ ಒಂದೂವರೆ. ಎರಡೂ ಕಡೆ ಕಾಡು, ಒಂದು ಮಗ್ಗುಲು ಕಣಿವೆ. ಫೋನಿಗೆ ಸಂಕೇತವಿಲ್ಲ.

ನಾನೂ ಮಗನೂ ದಾರಿಯ ಏರನ್ನು ಹತ್ತಿ, ಒಂದು ತಿರುವಿನಲ್ಲಿ ಸಂಕೇತ ಸಿಕ್ಕಿದ ಕೂಡಲೇ ಆ ಸಂಖ್ಯೆಗೆ ಫೋನು ಮಾಡಿದೆವು. ಬಹಳ ದೂರದ ನಗರದಿಂದ ಹೆಣ್ಣುಮಗಳೊಬ್ಬಳು ಮೊದಲು ಹಿಂದಿಯಲ್ಲಿ, ಆಮೇಲೆ ಕನ್ನಡದಲ್ಲಿ ವಿನಯದಿಂದ ಮಾತನಾಡಿದಳು. ಕಾರು ಯಾರ ಹೆಸರಿನಲ್ಲಿದೆಯೋ ಅವರೇ ಮಾತನಾಡಬೇಕು, ಅವರ ಫೋನಿಗೆ ಬರುವ ನಾಲ್ಕು ಅಂಕಿಗಳನ್ನು ಅವರೇ ಹೇಳಬೇಕು, ಗಾಡಿಯ ಚಿತ್ರವನ್ನೂ ನಿಂತ ಸ್ಥಳದ ಗುರುತನ್ನೂ ಕಳುಹಿಸಬೇಕು, ಹುಬ್ಬಳ್ಳಿಯಿಂದ ಗಾಡಿಯನ್ನು ಅಟ್ಟುತ್ತೇವೆ ಎಂದಳು. ಮಗನು ಫೋನನ್ನು ನನ್ನ ಕೈಗೆ ಚಾಚಿದನು.

ಆ ಕ್ಷಣದಲ್ಲಿ, ಶಾಲೆಯಲ್ಲಿ ಮಕ್ಕಳಿಗೆ ಪಾಠ ಒಪ್ಪಿಸಲು ಹೇಳುತ್ತಿದ್ದವನಿಗೆ ತನ್ನ ಪಾಠವೇ ಎದುರು ನಿಂತಿತು. ದೇಶವ್ರತಕ್ಕೆ ಐದು ಅತಿಚಾರಗಳು. ಆನಯನ, ಎಂದರೆ ಎಲ್ಲೆಯಾಚೆಯ ವಸ್ತುವನ್ನು ತರಿಸಿಕೊಳ್ಳುವುದು. ಪ್ರೇಷ್ಯಪ್ರಯೋಗ, ಎಂದರೆ ತಾನು ಹೋಗದೆ ಆಳಿಗೆ ಅಪ್ಪಣೆ ಕೊಟ್ಟು ಆಚೆಯ ಕೆಲಸ ಮಾಡಿಸುವುದು. ಶಬ್ದಾನುಪಾತ, ಎಂದರೆ ಆಚೆಯವರಿಗೆ ದನಿ ಮುಟ್ಟಿಸುವುದು. ರೂಪಾನುಪಾತ, ಎಂದರೆ ತನ್ನ ರೂಪವನ್ನು ತೋರಿಸಿ ಸೂಚನೆ ಕೊಡುವುದು. ಪುದ್ಗಲಕ್ಷೇಪ, ಎಂದರೆ ಕಲ್ಲು ಹೆಂಟೆ ಏನನ್ನಾದರೂ ಎಸೆದು ಗಮನ ಸೆಳೆಯುವುದು. ಪೂಜ್ಯಪಾದಸ್ವಾಮಿಗಳು ಸರ್ವಾರ್ಥಸಿದ್ಧಿಯಲ್ಲಿ ಶಬ್ದಾನುಪಾತಕ್ಕೆ ಕೊಡುವ ವಿವರಣೆ ಎಷ್ಟು ಸೂಕ್ಷ್ಮವೆಂದರೆ, ಎಲ್ಲೆಯಾಚೆ ಕೆಲಸ ಮಾಡುವವರಿಗೆ ಕೇಳಲೆಂದು ಕೆಮ್ಮುವುದು ಸಹ ಅದರಲ್ಲಿ ಸೇರುತ್ತದೆ. ನಾನು ಫೋನಿನಲ್ಲಿ ಮಾತನಾಡಿದರೆ ಶಬ್ದಾನುಪಾತ. ಚಿತ್ರ ಕಳುಹಿಸಿದರೆ ರೂಪಾನುಪಾತ. ಯಲ್ಲಾಪುರದಾಚೆಯ ಹುಬ್ಬಳ್ಳಿಯಿಂದ ಗಾಡಿ ಬಂದರೆ ಆನಯನ. ಅದನ್ನು ಒಬ್ಬನ ಕೈಯಿಂದ ನಡೆಸಿದರೆ ಪ್ರೇಷ್ಯಪ್ರಯೋಗ. ಐದರಲ್ಲಿ ನಾಲ್ಕು ಒಂದೇ ಉಸಿರಿನಲ್ಲಿ!

ನಾನು ಕೈ ಹಿಂತೆಗೆದೆನು. ಮಗನಿಗೆ ಕಾರಣ ಹೇಳಿದೆನು. ಅವನು ತಾಳ್ಮೆಗೆಟ್ಟು, "ಅಪ್ಪಾ, ಅವ್ವ ನಿನ್ನೆ ಸಂಜೆಯಿಂದ ಏನೂ ತಿಂದಿಲ್ಲ. ಹೊತ್ತು ಮುಳುಗಿದರೆ ಇವತ್ತೂ ಇಲ್ಲ. ನಿಮ್ಮ ದನಿ ಹೋಗುವುದು ಶಿರಸಿಯ ಗೋಪುರದ ತನಕ, ಮುಂದಿನದನ್ನು ಯಂತ್ರ ನೋಡಿಕೊಳ್ಳುತ್ತದೆ" ಎಂದನು. ಮಾತಿನ ಎರಡನೆಯ ಭಾಗ ಬರಿಯ ಯುಕ್ತಿ, ಮೊದಲನೆಯದು ಸತ್ಯ. ಅರ್ಧ ಗಂಟೆಯ ಕಾಲ ಆ ತಿರುವಿನ ಕಲ್ಲಿನ ಮೇಲೆ ಕುಳಿತು ತೂಗಿದೆನು. ಕೊನೆಗೆ ಮಾತನಾಡಿದೆನು, ಅಂಕಿಗಳನ್ನು ಹೇಳಿದೆನು, ಚಿತ್ರವನ್ನು ಕಳುಹಿಸಲು ಒಪ್ಪಿದೆನು. ಮೂರು ಗಂಟೆಯೊಳಗೆ ಗಾಡಿ ಬರುವುದೆಂದು ಉತ್ತರ ಬಂದಿತು.

ಇಳಿದು ಬಂದು ನೋಡಿದರೆ ಕಾರಿನ ಬಳಿ ಯಾರೂ ಇಲ್ಲ. ಎದೆ ಝಲ್ಲೆಂದಿತು. ಕೂಗಿದೆವು. ಕೆಳಗಿನಿಂದ ಮೊಮ್ಮಗಳ ದನಿ ಕೇಳಿಸಿತು. ದಾರಿಯಿಂದ ಇನ್ನೂರು ಹೆಜ್ಜೆ ಕೆಳಗೆ ಅಡಿಕೆ ತೋಟ, ತೋಟದ ತಲೆಗೆ ಒಂದು ಮನೆ. ಕೊಯ್ಲಿನ ಕಾಲವಾದುದರಿಂದ ಅಂಗಳದಲ್ಲಿ ಮೆಟ್ಟುಗತ್ತಿಗಳ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದರು, ಒಲೆಯ ಮೇಲೆ ಅಡಿಕೆ ಬೇಯುವ ಹಂಡೆಯಿಂದ ಹೊಗೆ ಏಳುತ್ತಿತ್ತು. ಆ ಹೊಗೆಯನ್ನು ಕಂಡೇ ನನ್ನ ಮನೆಯವರು ಸೊಸೆ ಮೊಮ್ಮಗಳೊಡನೆ ಇಳಿದುಹೋಗಿದ್ದರು. ನಾವಿಬ್ಬರೂ ಎತ್ತರದಲ್ಲಿ ನಿಂತಿದ್ದೆವು. ಹೊಗೆ ನಮಗೆ ಚೆನ್ನಾಗಿಯೇ ಕಾಣಬೇಕಾಗಿತ್ತು. ನಮ್ಮ ಕಣ್ಣು ಫೋನಿನ ಮೇಲಿತ್ತು.

ಆ ಮನೆಯ ಅಮ್ಮನವರು ಬಂದವರು ಯಾರೆಂದು ಕೇಳುವುದಕ್ಕೂ ಮುನ್ನ "ಆಸರಿಗೆ ಏನು ಬೇಕು?" ಎಂದು ಕೇಳಿದರಂತೆ. ಬಾಯಾರಿ ಬಂದವರನ್ನು ಆ ಸೀಮೆಯ ಹವ್ಯಕರ ಮನೆಗಳಲ್ಲಿ ವಿಚಾರಿಸುವ ರೀತಿ ಅದು. ಏಕಾಶನದ ವಿಷಯವನ್ನೂ ಸೋಸಿದ ನೀರಿನ ನಿಯಮವನ್ನೂ ಇವರು ಸಂಕೋಚದಿಂದ ತಿಳಿಸಲು, ಅವರು ಚರ್ಚೆಗೆ ತೊಡಗದೆ ಹಿತ್ತಿಲ ಬಾವಿಯನ್ನೂ ತೊಳೆದ ಪಾತ್ರೆಗಳನ್ನೂ ಒಂದು ಒಲೆಯನ್ನೂ ಬಿಟ್ಟುಕೊಟ್ಟರು. ನನ್ನ ಮನೆಯವರು ಜೊತೆಗೆ ತಂದಿದ್ದ ಬಟ್ಟೆಯನ್ನು ಎರಡು ಮಡಿಕೆ ಮಾಡಿ ನೀರು ಸೋಸಿ, ಬಟ್ಟೆಯಲ್ಲಿ ಉಳಿದುದನ್ನು ಅದೇ ಬಾವಿಗೆ ಮೆಲ್ಲನೆ ಮರಳಿಸಿ, ಗಂಜಿಯನ್ನೂ ಹೆಸರುಬೇಳೆಯ ತೊವ್ವೆಯನ್ನೂ ಬೇಯಿಸಿದರು. ನಾಲ್ಕು ಗಂಟೆಗೆ ಅವರ ಏಕಾಶನ ನಡೆಯಿತು. ನಾವೂ ಉಂಡೆವು.

ಮೂರು ಗಂಟೆಯಲ್ಲಿ ಬರಬೇಕಾದ ಗಾಡಿ ಬರಲಿಲ್ಲ. ಆರು ಗಂಟೆ ಇಪ್ಪತ್ತರ ಸುಮಾರಿಗೆ ಸೂರ್ಯನು ಮುಳುಗಿದನು. ಏಳೂವರೆಗೆ ಬೆಳಕು ಬಿಡುತ್ತ ಅದು ಬಂದು ನಿಂತಿತು. ಅದನ್ನು ನಡೆಸಿದವನು ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. ಟಾರ್ಚು ಹಿಡಿದು ನೋಡಿ, ರೇಡಿಯೇಟರಿನ ರಬ್ಬರು ಕೊಳವೆಯ ಪಟ್ಟಿ ಸಡಿಲವಾಗಿ ನೀರೆಲ್ಲ ಸೋರಿಹೋಗಿದೆ, ದೀಪ ಹತ್ತಿದೊಡನೆ ನಿಲ್ಲಿಸಿದ್ದರೆ ಒಂದು ತಿರುಪಿನ ಕೆಲಸ, ಈಗ ಇಂಜಿನ್ನಿಗೆ ತಗುಲಿದೆ ಎಂದನು. ಅವನಿಗೆ ಅದು ಆ ದಿನದ ಮೂರನೆಯ ಕರೆ. ಊಟವಾಯಿತೇನಪ್ಪಾ ಎಂದು ಕೇಳಿದ್ದಕ್ಕೆ, "ಮುಂಜಾನಿಂದ ಚಾ ಒಂದ ಕುಡದೇನ್ರೀ ಸರ" ಎಂದು ನಕ್ಕನು. ಸೊಸೆಯು ನನ್ನ ಮುಖವನ್ನು ನೋಡಿದಳು. ಬುತ್ತಿಯಲ್ಲಿ ಚಪಾತಿ, ಚಟ್ನಿ ಉಳಿದಿದ್ದವು. ಹೊತ್ತು ಮುಳುಗಿ ಒಂದು ಗಂಟೆ ದಾಟಿತ್ತು. ನಾನು ಏನನ್ನೂ ಹೇಳಲಿಲ್ಲ; ಅವಳು ಬುತ್ತಿಯನ್ನು ಅವನ ಮುಂದೆ ಬಿಚ್ಚಿದಳು. ಕಾರನ್ನು ಹೇರಿಕೊಂಡು ಅವನು ಹುಬ್ಬಳ್ಳಿಗೆ ತಿರುಗಿದನು. ನಮ್ಮನ್ನು ಆ ತೋಟದ ಯಜಮಾನರೇ ತಮ್ಮ ಜೀಪಿನಲ್ಲಿ ಸಿದ್ದಾಪುರಕ್ಕೆ ಮುಟ್ಟಿಸಿದರು.

ಇಲ್ಲಿಗೆ ಕಥೆ ಮುಗಿಯಿತು. ಇನ್ನು ವಿಚಾರ.

ಮೊದಲನೆಯ ಪ್ರಶ್ನೆ: ನಾನು ಫೋನಿನಲ್ಲಿ ಮಾತನಾಡಿದುದು ವ್ರತಕ್ಕೆ ದೋಷವೋ ಅಲ್ಲವೋ? ಊರಿಗೆ ಮರಳಿದ ಮೇಲೆ ಶಾಸ್ತ್ರ ಬಲ್ಲ ಸ್ನೇಹಿತರೊಬ್ಬರು, ದೇಶವ್ರತದ ಉದ್ದೇಶ ಲೋಭವನ್ನೂ ಆರಂಭವನ್ನೂ ಕುಗ್ಗಿಸುವುದು, ನೀವು ವ್ಯಾಪಾರಕ್ಕಾಗಿ ದನಿ ಕಳುಹಿಸಲಿಲ್ಲ, ಆಪತ್ತಿಗಾಗಿ ಕಳುಹಿಸಿದಿರಿ, ದೋಷವೇ ಇಲ್ಲ ಎಂದು ಸಮಾಧಾನ ಹೇಳಿದರು. ಅವರ ಕರುಣೆಗೆ ಕೃತಜ್ಞನಾಗಿದ್ದರೂ ಆ ಸಮಾಧಾನವನ್ನು ನಾನು ಒಪ್ಪಲಾರೆನು. ಉದ್ದೇಶ ಒಳ್ಳೆಯದಾದಾಗಲೆಲ್ಲ ಎಲ್ಲೆ ಅಳಿಸಿಹೋಗುವುದಾದರೆ, ಎಲ್ಲೆ ಹಾಕಿಕೊಂಡು ಪ್ರಯೋಜನವೇನು? ಯಾವನಿಗಾದರೂ ತನ್ನ ಉದ್ದೇಶ ಕೆಟ್ಟದ್ದೆಂದು ಕಾಣುವುದುಂಟೆ? ಸೂತ್ರಕಾರರು ಈ ಐದು ಅತಿಚಾರಗಳನ್ನು ಎಣಿಸಿದಾಗ ಫೋನು ಇರಲಿಲ್ಲ ನಿಜ. ಮನುಷ್ಯನು ಕಾಲನ್ನು ಒಳಗಿಟ್ಟುಕೊಂಡೇ ದನಿಯನ್ನೂ ರೂಪವನ್ನೂ ಆಳನ್ನೂ ಹೊರಗೆ ಚಾಚಬಲ್ಲನೆಂಬುದನ್ನು ಅವರು ಕಂಡಿದ್ದರು. ಅಂದಿನ ಕೆಮ್ಮಿಗೂ ಇಂದಿನ ಫೋನಿಗೂ ಇರುವ ಅಂತರ ಮುಟ್ಟುವ ದೂರದ್ದು ಮಾತ್ರ.

ಆದರೆ ಎಲ್ಲ ದೋಷವೂ ಒಂದೇ ತೂಕದ್ದಲ್ಲ. ಅಮಿತಗತಿ ಆಚಾರ್ಯರು ದೋಷದ ಮೆಟ್ಟಿಲುಗಳನ್ನು ನಾಲ್ಕಾಗಿ ವಿಂಗಡಿಸಿದ್ದಾರೆ: ಮನಸ್ಸಿನ ಶುದ್ಧಿ ಕದಡುವುದು ಅತಿಕ್ರಮ, ಶೀಲದ ಬೇಲಿಯನ್ನು ದಾಟುವುದು ವ್ಯತಿಕ್ರಮ, ವಿಷಯದಲ್ಲಿ ತೊಡಗುವುದು ಅತಿಚಾರ, ಅದರಲ್ಲಿ ಆಸಕ್ತನಾಗಿ ಮುಳುಗುವುದು ಅನಾಚಾರ. ನಾನು ಅನಾಚಾರಕ್ಕೆ ಇಳಿಯಲಿಲ್ಲ, ಅತಿಚಾರದಲ್ಲಿ ನಿಂತೆನು. ಅತಿಚಾರಕ್ಕೆ ಆಲೋಚನೆಯುಂಟು, ಪ್ರತಿಕ್ರಮಣವುಂಟು. ಆದ ದೋಷವನ್ನು ದೋಷವೆಂದು ಹೇಳಿಕೊಂಡು ಪ್ರತಿಕ್ರಮಣ ಮಾಡಿದವನ ವ್ರತ ಮರಳಿ ನಿರ್ಮಲವಾಗುತ್ತದೆ. ದೋಷವೇ ಆಗಲಿಲ್ಲವೆಂದು ವಾದಿಸಿದವನಿಗೆ ಆ ಬಾಗಿಲೂ ಮುಚ್ಚುತ್ತದೆ.

ಹಾಗಾದರೆ ಮಾತನಾಡದೆಯೇ ಕುಳಿತಿದ್ದರೆ ಒಳ್ಳೆಯದಾಗುತ್ತಿತ್ತೇ? ಇದು ಎರಡನೆಯ ಪ್ರಶ್ನೆ, ನನಗೆ ಹೆಚ್ಚು ಕಹಿಯಾದ ಪ್ರಶ್ನೆ. ಆ ಅರ್ಧ ಗಂಟೆ ನಾನು ತೂಗುತ್ತಿದ್ದುದು ಏನನ್ನು ಎಂದು ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಹಸಿದವಳು ಒಬ್ಬಳು ದಾರಿಯಲ್ಲಿ ಕುಳಿತಿದ್ದಾಳೆಂಬುದು ನನಗೆ ನೆನಪಿತ್ತು. ಆದರೆ ಅದಕ್ಕಿಂತ ಮುಂದೆ, ನನ್ನ ಸಂಕಲ್ಪಕ್ಕೆ ಕಲೆ ತಗುಲುವುದೆಂಬ ಚಿಂತೆ ನಿಂತಿತ್ತು. ಅದರಲ್ಲಿ ವ್ರತದ ಭಯ ಎಷ್ಟು, ವ್ರತಿಯೆಂಬ ಅಭಿಮಾನ ಎಷ್ಟು ಎಂದು ಬೇರ್ಪಡಿಸಲು ನಾನು ಸಮರ್ಥನಲ್ಲ. ಮಾನವೂ ನಾಲ್ಕು ಕಷಾಯಗಳಲ್ಲಿ ಒಂದು. ಕಷಾಯವನ್ನು ಕುಗ್ಗಿಸಲು ಕೈಕೊಂಡ ವ್ರತದ ನೆರಳಿನಲ್ಲಿಯೇ ಕಷಾಯ ಬೆಳೆಯುವುದಾದರೆ, ಶ್ರಾವಕನು ಎಲ್ಲಿ ಎಚ್ಚರವಾಗಿರಬೇಕೆಂಬುದು ಸ್ಪಷ್ಟ.

ಇಷ್ಟನ್ನು ಹೇಳಿದ ಮೇಲೆ, ಈ ಎರಡು ಪ್ರಶ್ನೆಗಳ ನಡುವೆ ನಾನು ಕಾಣದೆ ಹೋದ ಮೂರನೆಯದೊಂದು ಇದೆ. ವ್ರತವನ್ನು ಮುರಿಯಬೇಕೇ, ಹಸಿವನ್ನು ಸಹಿಸಬೇಕೇ ಎಂಬ ಎರಡೇ ದಾರಿಗಳಿವೆಯೆಂದು ನಾನು ತಿಳಿದೆನು. ಇನ್ನೂರು ಹೆಜ್ಜೆಯಲ್ಲಿ, ನಾನು ಹಾಕಿಕೊಂಡ ಎಲ್ಲೆಯ ನಟ್ಟನಡುವೆ, ಮೂರನೆಯದು ಹೊಗೆಯಾಡುತ್ತಿತ್ತು. ಎಲ್ಲೆಯ ಹೊರಗೆ ದನಿ ಚಾಚಬೇಡವೆಂದು ವ್ರತ ಹೇಳಿದಾಗ, ಎಲ್ಲೆಯ ಒಳಗೆ ನೋಡು ಎಂದೂ ಅದು ಹೇಳುತ್ತಿತ್ತಲ್ಲವೇ? ದೂರದ ಸಂಖ್ಯೆಯೊಂದು ಕೈಯಲ್ಲಿದ್ದುದರಿಂದ ಹತ್ತಿರದ ಮನೆ ನಮಗೆ ಕಾಣಲಿಲ್ಲ. ಫೋನು ಇಲ್ಲದ ನನ್ನ ಮನೆಯವರಿಗೆ ಅದು ಮೊದಲು ಕಂಡಿತು. ಗಾಡಿಯನ್ನು ಒಯ್ಯುವುದಕ್ಕೆ ಹುಬ್ಬಳ್ಳಿಯ ನೆರವು ಬೇಕೇ ಬೇಕಾಗಿತ್ತು, ನಿಜ. ಅದನ್ನು ಮರುದಿನ ಸೂರ್ಯೋದಯದ ಮೇಲೆ ವ್ರತ ಮುಗಿದ ಬಳಿಕ ಕರೆಯಬಹುದಾಗಿತ್ತು. ಅವಸರವಿದ್ದುದು ಹಸಿವಿಗೆ, ಹಸಿವಿಗೆ ಬೇಕಾದುದು ಹತ್ತಿರವೇ ಇತ್ತು. ಹೀಗೆ ಬಿಡಿಸಿ ನೋಡಿದರೆ ನನ್ನ ಧರ್ಮಸಂಕಟವು ಅರ್ಧಕ್ಕೆ ಅರ್ಧ ಅವಿಚಾರದಿಂದ ಹುಟ್ಟಿದ್ದು.

ಅದಕ್ಕಿಂತ ಹಿಂದಿನ ದೋಷವೊಂದಿದೆ. ಪ್ರಮತ್ತಯೋಗದಿಂದ ಪ್ರಾಣಗಳಿಗೆ ಆಗುವ ಘಾತವೇ ಹಿಂಸೆಯೆಂದು ಶಾಸ್ತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಮುಂದಿಡುತ್ತದೆ. ಬೆಳಿಗ್ಗೆ ನೀರು ನೋಡದಿದ್ದುದು ಪ್ರಮಾದ; ಕೆಂಪು ದೀಪ ಕಂಡೂ ನಡೆಸಿದುದು ಅದಕ್ಕಿಂತ ದೊಡ್ಡ ಪ್ರಮಾದ. ಒಂದು ತಿರುಪಿನ ಅಸಡ್ಡೆಗಾಗಿ ಭಾರವಾದ ಗಾಡಿಯೊಂದು ಹುಬ್ಬಳ್ಳಿಯಿಂದ ಕಾಡಿನೊಳಗೆ ರಾತ್ರಿಯಲ್ಲಿ ಬಂದು ಮರಳಿತು. ಅದರ ಬೆಳಕಿಗೆ ಎಷ್ಟು ಕೀಟಗಳು ಬಿದ್ದವೋ, ಚಕ್ರಕ್ಕೆ ಎಷ್ಟು ಜೀವಗಳು ಸಿಕ್ಕವೋ ಬಲ್ಲವರಾರು? ತಾನು ಮಾಡಿದುದು, ಮಾಡಿಸಿದುದು, ಅನುಮೋದಿಸಿದುದು ಮೂರೂ ಒಂದೇ ಲೆಕ್ಕದಲ್ಲಿ ಸೇರುತ್ತವೆ. ನೆರವು ಸಿಗುವುದೆಂಬ ಭರವಸೆಯೇ ಆ ಪ್ರಮಾದಕ್ಕೆ ಕಾರಣವಾಯಿತೆಂಬುದು ಇಲ್ಲಿ ಗಮನಿಸತಕ್ಕ ವಿಷಯ. ನೆರವಿನಲ್ಲಿ ತಪ್ಪಿಲ್ಲ, ನೆರವಿದೆಯೆಂದು ಎಚ್ಚರವನ್ನು ಅಡವಿಟ್ಟುದು ತಪ್ಪು.

ಇಲ್ಲಿ ಉಪಕಾರಕ್ಕೂ ಶರಣಕ್ಕೂ ಇರುವ ಭೇದವನ್ನು ತಿಳಿಯಬೇಕು. ಧರ್ಮದ್ರವ್ಯವು ಜೀವಪುದ್ಗಲಗಳ ಗತಿಗೆ ಉಪಕಾರಿ; ಮೀನಿಗೆ ನೀರು ಹೇಗೋ ಹಾಗೆ. ನೀರು ಮೀನನ್ನು ನೂಕುವುದಿಲ್ಲ, ಚಲಿಸುವುದು ಮೀನೇ. ಲೋಕದಲ್ಲಿ ನಾವು ಪಡೆಯುವ ನೆರವೆಲ್ಲವೂ ನಿಮಿತ್ತ ಮಾತ್ರ. ದ್ವಾದಶಾನುಪ್ರೇಕ್ಷೆಗಳಲ್ಲಿ ಎರಡನೆಯದಾದ ಅಶರಣಾನುಪ್ರೇಕ್ಷೆಯು ನೆರವನ್ನು ಬೇಡವೆನ್ನುವುದಿಲ್ಲ; ನಿಮಿತ್ತವನ್ನು ಶರಣವೆಂದು ಭ್ರಮಿಸಬೇಡವೆನ್ನುತ್ತದೆ. ಮಗನು ನಂಬಿದ ಆ ಚೀಟಿಯ ಹಿಂಬದಿಯನ್ನು ಆಮೇಲೆ ಓದಿದೆನು. ಯಾವ ಬಗೆಯ ನೆರವು, ಎಷ್ಟು ಕಾಲದವರೆಗೆ, ಎಷ್ಟು ದೂರಕ್ಕೆ, ಎಷ್ಟು ಸಲ ಎಂದು ಎಲ್ಲಕ್ಕೂ ಮಿತಿ ಬರೆದಿತ್ತು. ಪ್ರಕೃತಿ, ಸ್ಥಿತಿ, ಅನುಭಾಗ, ಪ್ರದೇಶ ಎಂದು ಬಂಧವು ನಾಲ್ಕು ವಿಧ. ನಾವು ಗಳಿಸಿದ ಪುಣ್ಯವೂ ಬಂಧವೇ ಆದುದರಿಂದ ಅದಕ್ಕೂ ಜಾತಿಯುಂಟು, ಅವಧಿಯುಂಟು, ಬಲದ ಮಿತಿಯುಂಟು, ಪರಿಮಾಣವುಂಟು. ಪುಣ್ಯವೇ ಶರಣವಾಗಲಾರದಿರುವಲ್ಲಿ ಕಂಪನಿಯ ಚೀಟಿ ಶರಣವಾದೀತೇ?

ಇನ್ನು ಆ ಹುಡುಗನ ಊಟದ ಪ್ರಶ್ನೆ. ನಾನು ಇಪ್ಪತ್ತಾರನೆಯ ವಯಸ್ಸಿನಿಂದ ರಾತ್ರಿಭೋಜನವನ್ನು ಬಿಟ್ಟವನು. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ರಾತ್ರಿಭೋಜನಕ್ಕೂ ಹಿಂಸೆಗೂ ಇರುವ ಸಂಬಂಧವನ್ನು ವಿಸ್ತಾರವಾಗಿ ಚರ್ಚಿಸಿರುವುದನ್ನು ಓದಿದವನು. ನನ್ನ ಕಣ್ಣೆದುರಿನಲ್ಲಿ ನನ್ನ ಸೊಸೆ ರಾತ್ರಿಯಲ್ಲಿ ಅನ್ನವಿಕ್ಕಿದಾಗ ನಾನು ಸುಮ್ಮನಿದ್ದೆನು. ಇದು ಅನುಮೋದನೆಯಲ್ಲವೇ ಎಂದರೆ, ಹೌದು. ತಡೆಯಬೇಕಾಗಿತ್ತೇ ಎಂದರೆ, ಇಲ್ಲವೆಂದೇ ನನ್ನ ನಿರ್ಣಯ. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಹೇಳುವ ನಾಲ್ಕು ದತ್ತಿಗಳಲ್ಲಿ ದಯಾದತ್ತಿಯೂ ಒಂದು. ನಮ್ಮ ಪ್ರಮಾದದಿಂದ ಕಾಡಿಗೆ ಬಂದವನು, ಬೆಳಗಿನಿಂದ ಹಸಿದವನು, ಮತ್ತೆ ನೂರು ಕಿಲೋಮೀಟರು ಕತ್ತಲಲ್ಲಿ ಗಾಡಿ ನಡೆಸಬೇಕಾದವನು. ಅವನಿಗೆ ನನ್ನ ನಿಯಮವನ್ನು ಹೊರಿಸುವ ಅಧಿಕಾರ ನನಗಿಲ್ಲ. ಮೇಲಿನ ಪ್ರತಿಮೆಗಳನ್ನು ಏರಿದವರು ಬೇರೆಯಾಗಿ ನಡೆದುಕೊಂಡಾರು. ಅವರ ಮುಂದೆ ತಲೆಬಾಗುತ್ತೇನೆ. ನನ್ನ ಮೆಟ್ಟಿಲಿನಲ್ಲಿ ನಿಂತವನಿಗೆ ಅಷ್ಟು ದೋಷವನ್ನು ಹೊತ್ತುಕೊಳ್ಳುವುದೇ ಯೋಗ್ಯವೆಂದು ಕಂಡಿತು. ನನಗೆ ನಾಚಿಕೆಯಾಗುವುದು ಬೇರೆ ಕಾರಣಕ್ಕೆ. ಏಳೂವರೆಯವರೆಗೆ ಅವನು ನನ್ನ ಮನಸ್ಸಿನಲ್ಲಿ 'ಬರಬೇಕಾದ ಗಾಡಿ' ಆಗಿದ್ದನು. ತಡವಾಯಿತೆಂದು ನಾವೆಲ್ಲ ಗೊಣಗಿದೆವು. ಆ ಗಾಡಿಯೊಳಗೆ ಹಸಿದ ಜೀವವೊಂದು ಬರುತ್ತಿದೆಯೆಂದು ಯಾರಿಗೂ ಹೊಳೆಯಲಿಲ್ಲ. ನಾಲ್ಕು ಗಂಟೆಗೆ ಅನ್ನ ಬಡಿಸಿಕೊಂಡಾಗಲೇ ಅವನ ಪಾಲನ್ನು ತೆಗೆದಿಟ್ಟು, ಬರುವವನಿಗೆ ಬುತ್ತಿ ಇದೆಯೆಂದು ನಿಶ್ಚಿಂತರಾಗಿರಬಹುದಾಗಿತ್ತು.

ಅನುಭವದಿಂದ ಕಲಿತ ಕೆಲವು ಮಾತುಗಳನ್ನು ಪ್ರವಾಸಕ್ಕೆ ಹೊರಡುವ ಶ್ರಾವಕ ಶ್ರಾವಿಕೆಯರಲ್ಲಿ ನಿವೇದಿಸುತ್ತೇನೆ. ದೇಶವ್ರತವನ್ನು ಸಂಕಲ್ಪಿಸುವಾಗ ಕಾಲಿನ ಎಲ್ಲೆಯ ಜೊತೆಗೆ ದನಿಯ ಎಲ್ಲೆಯನ್ನೂ ಹೇಳಿಕೊಳ್ಳಿರಿ. ರೋಗ, ಅಪಘಾತಗಳಂಥ ಪ್ರಾಣಾಪಾಯದಲ್ಲಿ 108 ಅಥವಾ 112ನ್ನು ಕರೆಯುವ ಅಪವಾದವನ್ನು ಸಂಕಲ್ಪದಲ್ಲಿಯೇ ಸೇರಿಸಿರಿ; ಆಗ ಕ್ಷಣಮಾತ್ರವೂ ತೂಗಬೇಕಾಗುವುದಿಲ್ಲ, ತೂಗಲೂ ಬಾರದು. ದಾರಿಯಲ್ಲಿ ಗಾಯಗೊಂಡವರಿಗೆ ನೆರವಾದವರನ್ನು ರಕ್ಷಿಸಲು 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಯಲ್ಲಿಯೇ ಅವಕಾಶವಾಗಿದೆ; ಆದುದರಿಂದ ಕೈಕೊಡಲು ಹೆದರಬೇಕಾಗಿಲ್ಲ. ಗಾಡಿ ಕೆಟ್ಟುದು ಮಾತ್ರವಾದರೆ ಮೊದಲು ಸುತ್ತ ನೋಡಿರಿ. ಸೋಸುವ ಬಟ್ಟೆ, ಕಾಯಿಸಿದ ನೀರು, ಒಂದು ಹೊತ್ತಿನ ಒಣ ಆಹಾರ ಜೊತೆಗಿರಲಿ, ಅದರಲ್ಲಿ ಬಂದವನೊಬ್ಬನ ಪಾಲೂ ಇರಲಿ. ಹೊರಡುವ ಮುನ್ನ ಬಾನೆಟ್ ಎತ್ತಿ ನೋಡುವುದು ಈರ್ಯಾಸಮಿತಿಯ ಒಂದು ಕಿರಿಯ ತುಣುಕೆಂದು ತಿಳಿಯಿರಿ.

ಮರುದಿನ ಸೂರ್ಯೋದಯಕ್ಕೆ ವ್ರತದ ಅವಧಿ ಮುಗಿಯಿತು. ಸಿದ್ದಾಪುರದಿಂದ ಬಸ್ಸಿನಲ್ಲಿ ಬಿಳಗಿಗೆ ಹೋಗಿ ರತ್ನತ್ರಯ ಬಸದಿಯಲ್ಲಿ ಜಿನಬಿಂಬದ ಮುಂದೆ ಕುಳಿತು ಆಲೋಚನೆ ಮಾಡಿದೆನು. ನಾಲ್ಕು ಅತಿಚಾರಗಳನ್ನು ಹೆಸರು ಹೇಳಿ ಎಣಿಸಿದೆನು. ಹೊರಗೆ ಬಂದಾಗ ನನ್ನ ಮನೆಯವರು, "ಐದನೆಯದು ಉಳಿಯಿತಲ್ಲ" ಎಂದರು. ಪುದ್ಗಲಕ್ಷೇಪವಾಗಲಿಲ್ಲ, ನಾನು ಏನನ್ನೂ ಎಸೆಯಲಿಲ್ಲ ಎಂದೆನು. "ಫೋನು ಇಟ್ಟ ಮೇಲೆ ಸಿಟ್ಟಿನಿಂದ ಕಣಿವೆಗೆ ಕಲ್ಲೊಂದನ್ನು ಎಸೆದಿರಿ. ಅದು ತೋಟದಲ್ಲಿ ಬಿದ್ದ ಸಪ್ಪಳಕ್ಕೇ ಆ ಮನೆಯವರು ಹೊರಗೆ ಬಂದು ನಮ್ಮನ್ನು ಮೇಲಿನ ಕಟ್ಟೆಯಲ್ಲಿ ಕೂಡ್ರಿಸಿದರು" ಎಂದು ನಕ್ಕರು. ಕಲ್ಲು ಬಿದ್ದುದು ಎಲ್ಲೆಯೊಳಗೆ ಆದುದರಿಂದ ಅದು ಅತಿಚಾರವಲ್ಲ. ಆದರೆ ಕ್ರೋಧದ ಲೆಕ್ಕದಲ್ಲಿ ಅದನ್ನೂ ಬರೆದುಕೊಂಡೆನು.

ಶಾಸ್ತ್ರವನ್ನು ನನಗಿಂತ ಬಲ್ಲವರು ಈ ವಿಚಾರದಲ್ಲಿ ನಾನು ತಪ್ಪಿರುವಲ್ಲಿ ತಿದ್ದಬೇಕಾಗಿ ಪ್ರಾರ್ಥನೆ.